ಅರ್ಧಕ್ಕೆ ನಿಂತ ಕ್ಷೌರ

ಬೀದಿಯ ತಲೆಗಳೆಲ್ಲ ತನ್ನ ಕೈಯಲ್ಲೇ ಇದ್ದರೂ ತನ್ನ ತಲೆಗೆ ಮಾತ್ರ ಇನ್ನೊಬ್ಬನ ಕೈಯೇ ಬೇಕು. ಸಲೂನಿನವನ ಪಾಡು ಇಷ್ಟೇ ನೋಡಿ. ಗಡ್ಡವನ್ನೇನೋ ತಾನೇ ಮಾಡಿಕೊಂಡಾನು. ಹಿಂದಲೆ? ಎರಡು ಕನ್ನಡಿ ಇಟ್ಟುಕೊಂಡು ಕತ್ತರಿ ಆಡಿಸಲು ಹೋದರೆ ಕೈ ಎಡಕ್ಕೆ ಅಂದರೆ ಕನ್ನಡಿ ಬಲಕ್ಕೆ ಅನ್ನುತ್ತದೆ. ಅದಕ್ಕೇ ಈ ಕಸುಬಿನವರಲ್ಲಿ ಒಂದು ಪದ್ಧತಿ. ವಾರದ ರಜೆಯ ದಿನ ಒಬ್ಬ ಸಲೂನಿನವ ಇನ್ನೊಬ್ಬನ ಅಂಗಡಿಗೆ ಹೋಗುತ್ತಾನೆ. ಷಟರ್ ಅರ್ಧ ಎಳೆದು ಮೊದಲು ಒಬ್ಬ ಕೂರುತ್ತಾನೆ, ಆಮೇಲೆ ಇನ್ನೊಬ್ಬ. ದುಡ್ಡಿನ ಮಾತೇ ಇಲ್ಲ. ಹೀಗೆ ಒಬ್ಬನಿಗೆ ತಲೆ ಕೊಟ್ಟ ಮೇಲೆ ಅದನ್ನು ನಿಲ್ಲಿಸಿದರೆ 'ನಿನ್ನ ಕೈ ಕೆಟ್ಟಿತು' ಅಂತ ಮುಖಕ್ಕೆ ಹೇಳಿದ ಹಾಗೆ. ಗಂಡಹೆಂಡಿರ ಜಗಳವಾದರೂ ಉಂಡು ಮಲಗುವ ತನಕ. ಈ ಜಗಳ ಹಾಗಲ್ಲ.

ನಮ್ಮ ಕಥೆಯವನನ್ನು ಬೀದಿಯವರು ಮೆದುಗೈ ಅಂತಲೇ ಕರೆಯುತ್ತಿದ್ದರು. ಅವನ ಕೈ ಅಷ್ಟು ಹಗುರ. ಕೆನ್ನೆಗೆ ನೊರೆ ಹಚ್ಚುವಷ್ಟರಲ್ಲಿ ಅರ್ಧ ಜನ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಮಾತು ಕಡಿಮೆ. ಬೀದಿಯ ಆಚೆ ಬದಿ, ಸರಿಯಾಗಿ ಎದುರಿಗೆ, ಅವನ ಜೊತೆಗಾರನ ಅಂಗಡಿ. ಆ ಮನುಷ್ಯನ ಹೆಸರು ರೇಡಿಯೋ. ಯಾಕೆ ಅಂತ ಬೇರೆ ಹೇಳಬೇಕೆ? ಬೆಳಗ್ಗೆ ಷಟರ್ ಎತ್ತುವಾಗ ಬಾಯಿ ತೆರೆದರೆ ಸಂಜೆ ಷಟರ್ ಇಳಿಸುವಾಗಲೇ ಮುಚ್ಚುವುದು. ಯಾರ ಮನೆಯಲ್ಲಿ ಏನು ಒಡೆಯಿತು, ಯಾರ ಮಗಳು ಯಾವ ಪರೀಕ್ಷೆಯಲ್ಲಿ ಫೇಲಾದಳು, ಎಲ್ಲ ಅವನ ಕುರ್ಚಿಯಿಂದಲೇ ಪ್ರಸಾರ. ಇಬ್ಬರೂ ಒಬ್ಬನೇ ಗುರುವಿನ ಅಂಗಡಿಯಲ್ಲಿ ಕೂದಲು ಗುಡಿಸಿ ಕಸುಬು ಕಲಿತವರು. ರೇಡಿಯೋ ಬಾಯಿ ಮುಚ್ಚುತ್ತಿದ್ದದ್ದು ವಾರಕ್ಕೊಮ್ಮೆ, ಮೆದುಗೈಯ ರೇಜರ್ ಅವನ ಗಂಟಲ ಮೇಲೆ ಇದ್ದಾಗ ಮಾತ್ರ. "ಅಷ್ಟು ಹೊತ್ತಾದ್ರೂ ಲೋಕಕ್ಕೆ ನೆಮ್ಮದಿ," ಅನ್ನುತ್ತಿದ್ದ ಮೆದುಗೈ.

ಮೆದುಗೈಗೆ ಎಚ್‌ಐವಿ ಇತ್ತು. ಹೇಗೆ ಬಂತು ಅಂತ ಕೇಳಬೇಡಿ. ಹಾಗೆ ಕೇಳುವವರಲ್ಲಿ ಒಬ್ಬರೂ ಒಂದು ಲೋಟ ನೀರು ತಂದುಕೊಟ್ಟದ್ದನ್ನು ನಾನಂತೂ ಕಂಡಿಲ್ಲ. ಬಂದಿತ್ತು, ಅಷ್ಟೇ. ಬಿಡದ ಜ್ವರ ಅಂತ ಆಸ್ಪತ್ರೆಗೆ ಹೋದ, ರಕ್ತ ಕೊಟ್ಟ, ಹೆಸರು ಕೂಗಿದಾಗ ಒಳಗೆ ಹೋದ, ಹೊರಗೆ ಬರುವಾಗ ಬೇರೆ ಮನುಷ್ಯನಾಗಿದ್ದ. ಹೆಂಡತಿಯನ್ನೂ ಪರೀಕ್ಷೆ ಮಾಡಿಸಿದರು. ಅವಳಿಗೆ ಏನೂ ಇರಲಿಲ್ಲ. ಮಕ್ಕಳಿರಲಿಲ್ಲ. ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಹೋಗುವ ದಿನ ಅವಳು ಅಂಗಡಿಯ ಟವೆಲ್‌ಗಳನ್ನೆಲ್ಲ ಒಗೆದು, ಒಣಗಿಸಿ, ಮಡಚಿ ಇಟ್ಟು ಹೋದಳು. ಕೇಳಿದವರಿಗೆಲ್ಲ 'ಹೊಂದಿಕೆ ಆಗಲಿಲ್ಲ' ಅಂತಷ್ಟೇ ಹೇಳಿದಳಂತೆ. ಆ ಉಪಕಾರಕ್ಕೆ ಅವನು ಜೀವ ಇರುವ ತನಕ ಋಣಿ. ಅಂದಿನಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನೊಬ್ಬನೇ. ಒಂದು ಸ್ಟವ್, ಒಂದು ಮಂಚ, ಒಂದು ಬಕೆಟ್ಟು.

ಮಾತ್ರೆ ಕೊಡುವ ಜಾಗ ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿತ್ತು. ಬಾಗಿಲಿಗೆ ಬೋರ್ಡು ಇಲ್ಲ, ಬರೀ ಒಂದು ನಂಬರು. ಅಲ್ಲಿ ತಿಳಿಹೇಳುವ ಕೆಲಸ ಒಬ್ಬ ಮೇಡಂದು. ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು, ಹುಡುಕುವಾಗ ಮೇಜಿನ ಮೇಲೆ ತಡಕಾಡುವ ಹೆಂಗಸು. ಮೊದಲ ದಿನವೇ ಮಾತ್ರೆ ತೋರಿಸಿ ಹೇಳಿದ್ದರು.

"ನೋಡೋಕೆ ಒಂದು, ಒಳಗೆ ಮೂರು ಔಷಧಿ ಇದೆ. ಯಾಕೆ ಮೂರು ಗೊತ್ತಾ? ಕಳ್ಳ ಒಂದು ಬೀಗದ ಕೀ ಮಾಡಿಸಿಕೊಂಡು ಬಿಡ್ತಾನೆ. ಮೂರು ಬೇರೆ ಬೇರೆ ಬೀಗ ಹಾಕಿದ್ರೆ ಬಾಗಿಲಲ್ಲೇ ನಿಲ್ತಾನೆ. ಒಳಗಿರೋ ವೈರಸ್ ಪೂರ್ತಿ ಹೋಗಲ್ಲ, ಆದ್ರೆ ಏಳೋಕೆ ಬಿಡಲ್ಲ. ಬೆಳಗ್ಗೆ ಒಂದು, ಸಂಜೆ ಒಂದು, ಅದೇ ಹೊತ್ತಿಗೆ. ತಪ್ಪಿಸಬಾರದು."

"ನನ್ನ ಕೆಲಸ, ಮೇಡಂ?"

"ಮಾಡಿ. ಮುಟ್ಟಿದ್ರೆ, ಟವೆಲ್ ಹಾಕಿದ್ರೆ ಬರೋ ಕಾಯಿಲೆ ಅಲ್ಲ ಇದು. ಒಬ್ಬೊಬ್ಬರಿಗೂ ಹೊಸ ಬ್ಲೇಡು ಹಾಕ್ತೀರಲ್ವಾ?"

"ಮೊದಲಿಂದಲೂ ಹಾಕ್ತೀನಿ."

"ಮತ್ತೇನು ಯೋಚನೆ?"

ಯೋಚನೆ ಏನು ಅಂತ ಅವರಿಗೂ ಗೊತ್ತಿತ್ತು. ಆಸ್ಪತ್ರೆಗೆ ಗೊತ್ತಿರುವುದು ಬೀದಿಗೆ ಗೊತ್ತಿರಬೇಕಲ್ಲ. ಸಲೂನಿನವನಿಗೆ ಈ ಕಾಯಿಲೆ ಅಂತ ಒಂದು ಸೊಲ್ಲು ಹೊರಬಿದ್ದರೆ ಸಾಕು, ಮರುದಿನ ಅವನ ಕುರ್ಚಿಯಲ್ಲಿ ನೊಣ ಕೂರುತ್ತದೆ, ಮನುಷ್ಯ ಕೂರುವುದಿಲ್ಲ. ಮಾತ್ರೆ ತಪ್ಪದಂತೆ ನೋಡಿಕೊಳ್ಳಲು ಜೊತೆಗೆ ಯಾರಾದರೂ ಇರಬೇಕು, ಹೆಸರು ಹೇಳಿ ಅಂತ ಮೇಡಂ ಕೇಳಿದಾಗ ಅವನು 'ಅಕ್ಕ' ಅಂದ. ಅವನಿಗೆ ಅಕ್ಕನೇ ಇರಲಿಲ್ಲ. ಫೋನ್ ನಂಬರು ಕೇಳಿದಾಗ ತನ್ನ ಅಂಗಡಿಯ ನಂಬರನ್ನೇ ಕೊಟ್ಟ.

ಮೊದಲ ವಾರಗಳಲ್ಲಿ ಹೊಟ್ಟೆ ತೊಳಸಿತು, ಮೈಮೇಲೆ ಸಣ್ಣ ಗಂಧೆ ಎದ್ದು ಇಳಿಯಿತು. ಅದನ್ನೆಲ್ಲ ಮೇಡಂ ಮೊದಲೇ ಹೇಳಿದ್ದರು, ಹಾಗಾಗಿ ಅವನು ಹೆದರಲಿಲ್ಲ. ಜ್ವರ ಬಿಟ್ಟಿತು. ಊಟ ರುಚಿಸಿತು. ತೂಕ ಬಂತು. ಮಾತ್ರೆ ಅವನನ್ನು ಸಾವಿನ ಬಾಯಿಂದ ಎಳೆದು ತಂದಿತ್ತು, ಇದರಲ್ಲಿ ಎರಡು ಮಾತಿಲ್ಲ. ಆಮೇಲಾಮೇಲೆ ಶುರುವಾಯಿತು ಕಾಲಿನದು. ಮೊದಲು ಬೆರಳ ತುದಿ ಜುಮುಗುಟ್ಟಿತು. ಆಮೇಲೆ ಅಂಗಾಲು ಉರಿಯತೊಡಗಿತು. ಪ್ರತಿಸಲವೂ ಮೇಡಂ "ಕೈಕಾಲು ಜೋಮು ಹಿಡಿಯುತ್ತಾ? ಉರಿ ಇದೆಯಾ?" ಅಂತ ಕೇಳುತ್ತಲೇ ಇದ್ದರು. ಪ್ರತಿಸಲವೂ ಇವನು "ಏನೂ ಇಲ್ಲ" ಅನ್ನುತ್ತಿದ್ದ.

ಸುಳ್ಳು ಹೇಳಿದ ಅಂದುಕೊಳ್ಳಬೇಡಿ. ಸಲೂನಿನವನ ಕಾಲು ಉರಿಯದೆ ಇನ್ಯಾರ ಕಾಲು ಉರಿಯಬೇಕು? ಇಡೀ ದಿನ ನಿಂತೇ ಇರುವ ಕಸುಬು. ಇವರ ಗುರು ದಿನಾ ಸಂಜೆ ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟುಕೊಂಡು, "ಕೈಗೆ ಅನ್ನ, ಕಾಲಿಗೆ ಉರಿ, ನಮ್ಮ ಹಣೇಲಿ ಬರೆದದ್ದೇ ಅಷ್ಟು ಕಣ್ರೋ" ಅನ್ನುತ್ತಿದ್ದ. ಶಿಷ್ಯ ಅದನ್ನೇ ನಂಬಿದ. ತಾನೂ ಬಕೆಟ್ಟು ತಂದ. ಮಾತ್ರೆಗೂ ಅಂಗಾಲಿಗೂ ಏನಾದರೂ ಸಂಬಂಧ ಇದ್ದೀತು ಅಂತ ಅವನಿಗೆ ಕನಸಿನಲ್ಲೂ ಹೊಳೆಯಲಿಲ್ಲ. ಕೂತು ಕೆಲಸ ಮಾಡುವ ದರ್ಜಿಯೋ ಗುಮಾಸ್ತನೋ ಆಗಿದ್ದರೆ ಉರಿ ಶುರುವಾದ ತಿಂಗಳೇ ಬಾಯಿಬಿಡುತ್ತಿದ್ದ.

ಕೆನ್ನೆಯದು ಬೇರೆ ಕಥೆ. ಮೈ ತುಂಬುತ್ತಿದ್ದರೂ ಮುಖ ಇಳಿಯುತ್ತ ಬಂತು. ಕೆನ್ನೆಯ ಮೂಳೆಯ ಕೆಳಗೆ ಎರಡೂ ಬದಿ ಗುಳಿ. ಬೇರೆಯವರಾದರೆ ಬೆಳಗ್ಗೆ ಮುಖ ತೊಳೆಯುವಾಗ ಒಮ್ಮೆ ನೋಡಿಕೊಂಡು ಮರೆತಾರು. ಇವನಿಗೆ ಎದುರಿಗೂ ಕನ್ನಡಿ, ಹಿಂದೆಯೂ ಕನ್ನಡಿ. ಗಿರಾಕಿಯ ಮುಖದ ಪಕ್ಕ ದಿನವಿಡೀ ತನ್ನ ಮುಖ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತಾರೆ. ಇವನಿಗೆ ಬೇಡವೆಂದರೂ ಬಿಡುವವರಿಲ್ಲ.

ಒಂದು ರಜೆಯ ದಿನ ರೇಡಿಯೋ ಇವನ ಗಡ್ಡ ಮಾಡುತ್ತಿದ್ದ. ಕೆನ್ನೆಯ ಚರ್ಮ ಎಳೆದು ಹಿಡಿಯಲು ಹೋದ ಬೆರಳು ಒಳಗೆ ಇಳಿಯಿತು. ರೇಜರ್ ನಿಂತಿತು.

"ಲೋ, ಕೆನ್ನೆ ಎಲ್ಲಿ ಮರೆತು ಬಂದೆ? ಅಡುಗೆ ಮಾಡ್ಕೊಂಡು ಉಣ್ತೀಯೋ, ಬರೀ ಪಾತ್ರೆ ತೊಳೆದಿಡ್ತೀಯೋ? ಉಬ್ಬಿಸು, ಕೆನ್ನೆ ಉಬ್ಬಿಸು, ಗುಳಿಯಲ್ಲಿ ಬ್ಲೇಡು ನಿಲ್ತಿಲ್ಲ."

ತಮಾಷೆಗೇ ಅಂದದ್ದು. ಗುಳಿಗೆನ್ನೆಯ ಮುದುಕರಿಗೆಲ್ಲ ಅವರು ಹೇಳುವ ಮಾತೇ ಅದು. ಬಾಯೊಳಗೆ ಗಾಳಿ ತುಂಬಿ ಕೆನ್ನೆ ಉಬ್ಬಿಸಿದರೆ ಬ್ಲೇಡು ಸಲೀಸಾಗಿ ಹೋಗುತ್ತದೆ. ಮೆದುಗೈ ಉಬ್ಬಿಸಿದ. ಉಬ್ಬಿಸಿಕೊಂಡೇ ಅಂದುಕೊಂಡ: ಈ ಬೆರಳಿಗೆ ಇವತ್ತು ಗುಳಿ ಸಿಕ್ಕಿದೆ, ನಾಳೆ ಬಾಯಿಗೆ ಸಿಗುತ್ತದೆ. ರೇಡಿಯೋನ ಬಾಯಿಗೆ ಸಿಕ್ಕಿದ್ದು ಊರಿಗೆ ಸಿಕ್ಕಂತೆಯೇ. ಮುಂದಿನ ವಾರ ತಲೆನೋವು ಅಂದ. ಅದರ ಮುಂದಿನ ವಾರ ಯಾರೋ ನೆಂಟರು ಬರುತ್ತಾರೆ ಅಂದ. ಆಮೇಲೆ ನೆಪ ಹೇಳುವುದನ್ನೂ ಬಿಟ್ಟ. ಎರಡು ಕನ್ನಡಿ ಇಟ್ಟುಕೊಂಡು ತನ್ನ ತಲೆಗೆ ತಾನೇ ಕತ್ತರಿ ಹಾಕಿಕೊಂಡ.

ರೇಡಿಯೋ ಬೀದಿ ದಾಟಿ ಬಂದು ಬಾಗಿಲಲ್ಲೇ ನಿಂತು ಕೇಳಿದ. "ನನ್ನ ಕೈಗೆ ಏನಾಗಿದೆ, ಹೇಳು."

"ಏನೂ ಆಗಿಲ್ಲ."

"ಮತ್ತೆ ನಿನ್ನ ಹಿಂದಲೆ ಯಾಕೆ ಮೆಟ್ಟಿಲು ಮೆಟ್ಟಿಲಾಗಿದೆ? ಸಾಯಲಿ, ಬೇರೆಯವನ ಹತ್ತಿರ ಹೋಗಿದ್ರೂ ಅರ್ಥ ಆಗ್ತಿತ್ತು. ನೀನೇ ಕೆರೆದುಕೊಂಡಿದ್ದೀಯ. ನನ್ನ ಕೈಗಿಂತ ನಿನ್ನ ಕುರುಡು ಕೈ ವಾಸಿ ಆಯ್ತಾ?"

ಮೆದುಗೈ ಬಾಚಣಿಗೆ ಒರೆಸುತ್ತ ನಿಂತ. ರೇಡಿಯೋ ವಾಪಸ್ ಹೋದ. ಅವನೇನು ಸುಮ್ಮನಿರುವ ಆಸಾಮಿಯೇ? ಮುನಿಸು ತೋರಿಸಲು ತನ್ನ ಕೂದಲನ್ನೇ ಬೆಳೆಯಲು ಬಿಟ್ಟ. ಇನ್ನೊಬ್ಬನ ಕೈಗೆ ತಲೆ ಕೊಡಲಿಲ್ಲ. ಕೂದಲು ಕಿವಿ ಮುಚ್ಚಿತು, ಕೊರಳಿಗೆ ಬಂತು, ಹೆಗಲು ಮುಟ್ಟಿತು. ಗಿರಾಕಿಗಳು 'ಏನಯ್ಯಾ, ಕತ್ತರಿ ಇಟ್ಟುಕೊಂಡು ಈ ಅವತಾರ?' ಅಂದರೆ, "ಎದುರು ಅಂಗಡಿಯವನನ್ನ ಕೇಳಿ" ಅನ್ನುತ್ತಿದ್ದ. ಒಂದು ಕಡೆ ಮೆಟ್ಟಿಲು ತಲೆಯ ಸಲೂನಿನವ, ಎದುರಿಗೆ ಜಡೆ ಹಾಕುವಷ್ಟು ಕೂದಲಿನ ಸಲೂನಿನವ. ಬೀದಿ ನಕ್ಕಿತು. ಮೆದುಗೈ ದಿನಾ ಆ ಕೂದಲು ಉದ್ದವಾಗುವುದನ್ನು ಬಾಗಿಲಿನಿಂದ ನೋಡುತ್ತಿದ್ದ. ದಿನಕ್ಕೆ ಎಷ್ಟೋ ಜನರ ಮುಖ ಮುಟ್ಟುವ ಅವನನ್ನು ಈಗ ಮುಟ್ಟುವವರು ಯಾರೂ ಇರಲಿಲ್ಲ. ಇಂಥ ಒಂಟಿತನ ಹಗೆಗೂ ಬೇಡ.

ಹೀಗಿರುವಾಗ ಒಂದು ಮಧ್ಯಾಹ್ನ ಹೊಸ ಗಿರಾಕಿಯೊಬ್ಬ ಬಂದ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವನು, ಗಡ್ಡ ಮಾತ್ರ ಸಾಕು ಅಂದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮೆದುಗೈ ನೊರೆ ಹಚ್ಚಿ ಕೆನ್ನೆಗೆ ಬೆರಳಿಟ್ಟ. ಬೆರಳು ಒಳಗಿಳಿಯಿತು. ಅದೇ ಗುಳಿ, ಅದೇ ಜಾಗ, ಮೂಳೆಯ ಕೆಳಗೆ ಅದೇ ತಗ್ಗು. ಮುದುಕನಲ್ಲ, ಹಲ್ಲು ಬಿದ್ದವನಲ್ಲ.

"ಕೆನ್ನೆ ಉಬ್ಬಿಸಿ," ಅಂದ. ಧ್ವನಿ ಸಣ್ಣದಾಗಿತ್ತು.

ಆ ಮನುಷ್ಯ ಉಬ್ಬಿಸಿದ. ಕನ್ನಡಿಯಲ್ಲಿ ಅವನ ಕಣ್ಣು ಮೆದುಗೈಯ ಕೆನ್ನೆಯ ಮೇಲೆ ನಿಂತಿತು. ಆಮೇಲೆ ಕೆಳಗೆ ಇಳಿಯಿತು. ಮೆದುಗೈ ಆಗೆಲ್ಲ ಚಪ್ಪಲಿ ಬಿಟ್ಟು, ಒದ್ದೆ ಗೋಣಿಚೀಲದ ಮೇಲೆ ನಿಂತು ಕೆಲಸ ಮಾಡುತ್ತಿದ್ದ.

ಗಡ್ಡ ಮುಗಿದ ಮೇಲೆ ಆ ಮನುಷ್ಯ ಮೆಲ್ಲಗೆ ಕೇಳಿದ. "ಪಾದ ಉರಿಯುತ್ತಾ?"

"ನಿಂತು ನಿಂತು ಮಾಡೋ ಕೆಲಸ ಅಲ್ವಾ. ನಮ್ಮವರಿಗೆಲ್ಲ ಇದ್ದದ್ದೇ."

"ನಾನು ಕೂತು ಕೆಲಸ ಮಾಡೋನು," ಅಂದ ಅವನು. "ನನಗೂ ಉರೀತಿತ್ತು. ಮಲಗಿದಾಗ ಹೊದಿಕೆ ತಾಗಿದ್ರೂ ತಡೆಯೋಕಾಗ್ತಿರಲಿಲ್ಲ. ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿದೆ. ಮೂರರಲ್ಲಿ ಒಂದು ಔಷಧಿಯಿಂದ ಹೀಗಾಗ್ತಿದೆ ಅಂತ ಅದೊಂದನ್ನ ಬದಲಾಯಿಸಿಕೊಟ್ರು. ಕೆನ್ನೆ ಏನೂ ವಾಪಸ್ ಬಂದಿಲ್ಲ, ನೋಡ್ತಿದ್ದೀರಲ್ಲ. ಕಾಲು ಮಾತ್ರ ಈಗ ಪರವಾಗಿಲ್ಲ."

ನಾಲ್ಕು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಬಂದು, ತಾನೂ ಇದೇ ದೋಣಿಯಲ್ಲಿದ್ದೇನೆ ಅಂತ ಹೇಳಿದ್ದ. ಮೆದುಗೈ ಏನು ಮಾಡಬೇಕಿತ್ತು? ಷಟರ್ ಎಳೆದು, ಒಂದು ಲೋಟ ಚಹಾ ಕೊಟ್ಟು, ಎದುರಿಗೆ ಕೂತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿಕೊಳ್ಳಬೇಕಿತ್ತು. ಅದು ಬಿಟ್ಟು ಏನು ಮಾಡಿದ ಕೇಳಿ.

"ನೀವು ಯಾವ ಔಷಧಿ ಮಾತಾಡ್ತಿದ್ದೀರೋ ನನಗೆ ಗೊತ್ತಿಲ್ಲ. ನನಗೆ ಯಾವ ಕಾಯಿಲೆನೂ ಇಲ್ಲ," ಅಂದ. ಖಾಲಿ ಅಂಗಡಿಯಲ್ಲಿ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.

"ಕಾಯಿಲೆ ಅಂತ ನಾನು ಅಂದೆನಾ?" ಅಂದ ಆ ಮನುಷ್ಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗಾಯಿತು. ಅವನು ದುಡ್ಡು ಮೇಜಿನ ಮೇಲಿಟ್ಟು, "ತಪ್ಪು ತಿಳ್ಕೋಬೇಡಿ" ಅಂತ ಹೇಳಿ ಹೋದ. ಮತ್ತೆ ಬರಲಿಲ್ಲ. ಕೆಲವು ವಾರ ಕಳೆದ ಮೇಲೆ ಮೆದುಗೈಯೇ ಬಸ್ ನಿಲ್ದಾಣಕ್ಕೆ ಹೋಗಿ ಕೌಂಟರಿನ ಸಾಲಿನಲ್ಲಿ ನಿಂತ. ಕಿಂಡಿಯ ಆಚೆ ಬೇರೆ ಮುಖ ಇತ್ತು. ಮೊದಲು ಇದ್ದವರಿಗೆ ವರ್ಗವಾಯಿತು ಅಂದರು. "ಎಲ್ಲಿಗೆ ಟಿಕೆಟ್?" ಅಂತ ಕೇಳಿದಾಗ ಇವನು ಏನೂ ತೋಚದೆ ಸಾಲು ಬಿಟ್ಟು ಬಂದ.

ಆದರೆ ಆ ಮಾತು ತಲೆಯಲ್ಲಿ ಉಳಿದಿತ್ತು. ಇದೆಲ್ಲ ಮಾತ್ರೆಯ ಕೆಲಸ. ಅಲ್ಲಿಗೆ ನಮ್ಮ ಜಾಣ ಲೆಕ್ಕ ಹಾಕಿದ: ಅರ್ಧ ಮಾತ್ರೆ, ಅರ್ಧ ತೊಂದರೆ. ಬೆಳಗಿನದ್ದು ನುಂಗಿದ, ಸಂಜೆಯದ್ದು ಬಿಟ್ಟ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುವುದು ಅಂದರೆ ಇದೇ. ಬದಲಾಯಿಸಿ ಅಂತ ಕೇಳಬಹುದಿತ್ತಲ್ಲ? ಕೇಳಿದರೆ ಮಾತು ಬೆಳೆಯುತ್ತದೆ, ಅಕ್ಕ ಎಲ್ಲಿ ಅನ್ನುತ್ತಾರೆ. ಸುಮ್ಮನೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ದಿನಾ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಕೆನ್ನೆಗೆ ಬೆರಳಿಟ್ಟು ನೋಡಿದ. ಗುಳಿ ಗುಳಿಯಾಗಿಯೇ ಇತ್ತು. ಸಂಜೆಯ ಹೊತ್ತಿಗೆ ಮೈ ಬಿಸಿಯಾಗತೊಡಗಿತು.

ಮುಂದಿನ ಸಲ ಲೆಕ್ಕಕ್ಕೆಂದು ಮಾತ್ರೆಯ ಹಳೆ ಡಬ್ಬಿ ಕೊಟ್ಟಾಗ ಮೇಡಂ ಅದನ್ನು ಕೈಯಲ್ಲಿ ತೂಗಿದರು. ತೆರೆದು ಉಳಿದ ಮಾತ್ರೆಗಳನ್ನು ನೋಡಿದರು. ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿದರು.

"ಯಾವಾಗಿಂದ ಬಿಡ್ತಿದ್ದೀರಿ?"

ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕಾದರು. ಕೊನೆಗೆ ಅವನು ಚಪ್ಪಲಿ ಬಿಟ್ಟು ಅಂಗಾಲು ತೋರಿಸಿದ, ಕೆನ್ನೆ ತೋರಿಸಿದ, ಗುರು ಹೇಳಿದ ಮಾತು ಹೇಳಿದ. ಮೇಡಂ ಅಷ್ಟನ್ನೂ ಕೇಳಿ, "ಅಯ್ಯೋ, ನಾನು ಪ್ರತಿಸಲ ಕೇಳ್ತಿದ್ದೆನಲ್ಲಪ್ಪ" ಅಂದರು. ಅವರ ಮುಖ ಚಿಕ್ಕದಾಗಿತ್ತು.

ಆಮೇಲೆ ಬಿಡಿಸಿ ಹೇಳಿದರು. ಮೂರರಲ್ಲಿ ಒಂದು ಔಷಧಿ ನರಕ್ಕೆ ತಾಗುತ್ತದೆ, ಮುಖದ ಕೊಬ್ಬು ಕರಗಿಸುತ್ತದೆ. ಎಲ್ಲರಿಗೂ ಅಲ್ಲ, ಕೆಲವರಿಗೆ. (ಆ ಔಷಧಿ ಈಗ ಬಳಕೆಯಲ್ಲಿಲ್ಲ. ಇದು ಅದು ಇದ್ದ ಕಾಲದ ಕಥೆ.) ಅದನ್ನು ತೆಗೆದು ಬೇರೆ ಒಂದು ಹಾಕಬಹುದು. ಅದಕ್ಕೂ ಅದರದೇ ಕಾಟ ಉಂಟು: ಮೊದಮೊದಲು ವಾಕರಿಕೆ, ತಲೆನೋವು, ಉಗುರು ಕಪ್ಪಾದೀತು, ಕೆಲವರಿಗೆ ರಕ್ತ ಕಡಿಮೆಯಾಗುತ್ತದೆ, ಆದ್ದರಿಂದ ಮೊದಲು ರಕ್ತ ನೋಡಬೇಕು, ಆಮೇಲೂ ನೋಡುತ್ತಿರಬೇಕು.

"ಕೆನ್ನೆ ತುಂಬುತ್ತಾ, ಮೇಡಂ?"

"ಇನ್ನೂ ಇಳಿಯೋದು ನಿಲ್ಲುತ್ತೆ. ತುಂಬುತ್ತೆ ಅಂತ ಮಾತು ಕೊಡಲಾರೆ. ಕಾಲಿನ ಉರಿ ನಿಧಾನಕ್ಕೆ ತಗ್ಗಬೇಕು. ಆದ್ರೆ ನೀವು ಮಾಡಿದ್ದು ದೊಡ್ಡ ತಪ್ಪು. ಬಾಗಿಲು ಅರ್ಧ ಮುಚ್ಚಿದ್ರೆ ಕಳ್ಳನಿಗೆ ಏನು ಕಷ್ಟ? ಒಳಗೆ ಬಂದು ಮೂರು ಬೀಗಾನೂ ಕಲಿತು ಹೋಗ್ತಾನೆ. ಆಮೇಲೆ ನಮ್ಮ ಹತ್ತಿರ ಹಾಕೋಕೆ ಹೆಚ್ಚು ಬೀಗ ಉಳಿದಿಲ್ಲ. ಹಾಗಾದ್ರೆ ನೀವು ಬದುಕಲ್ಲ. ಇದಕ್ಕಿಂತ ಸ್ಪಷ್ಟವಾಗಿ ನನಗೆ ಹೇಳೋಕೆ ಬರಲ್ಲ."

ಡಾಕ್ಟರು ನೋಡಿದರು, ರಕ್ತ ತೆಗೆದರು. ಸದ್ಯಕ್ಕೆ ಎರಡು ಹೊತ್ತೂ ತಪ್ಪದೆ ನುಂಗಬೇಕು, ಎಂಟು ದಿನ ಬಿಟ್ಟು, ಅಂದರೆ ಮುಂದಿನ ವಾರ ಸಲೂನಿನ ರಜೆಯ ಮರುದಿನ, ಬಂದರೆ ಹೊಸದು ಶುರು ಅಂದರು. ಆದರೆ ಒಂದು ನಿಬಂಧನೆ. ಮಾತ್ರೆ ತಪ್ಪಿಸಿದವನಿಗೆ ಹೊಸ ಔಷಧಿ ಕೊಡುವ ಮುಂಚೆ ಅವನ ಜೊತೆಗೆ ಒಬ್ಬರು ಬರಲೇಬೇಕು. ಎಲ್ಲ ಗೊತ್ತಿರುವ, ದಿನಾ 'ನುಂಗಿದೆಯಾ' ಅಂತ ಕೇಳುವ ಒಬ್ಬರು.

"ನಿಮ್ಮ ಅಕ್ಕನಿಗೆ ಫೋನ್ ಮಾಡಿದ್ದೆ," ಅಂದರು ಮೇಡಂ. "ನೀವೇ ಎತ್ತಿದ್ರಿ."

ಎಂಟು ದಿನದಲ್ಲಿ ಒಬ್ಬ ಮನುಷ್ಯ ಬೇಕು. ಒಬ್ಬನೇ ಸಾಕು. ಮೆದುಗೈ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು ಯೋಚಿಸಿದ. ಹೆಂಡತಿಯ ಅಣ್ಣ? ಬಾಗಿಲು ತೆರೆಯುವುದಿಲ್ಲ. ಗಿರಾಕಿಗಳು? ತಲೆ ಕೊಡುತ್ತಾರೆ, ಕಿವಿ ಕೊಡುವುದಿಲ್ಲ. ಬಸ್ ನಿಲ್ದಾಣದವನನ್ನು ಕೈಯಾರೆ ಓಡಿಸಿಯಾಗಿತ್ತು. ಎದುರಿಗೆ ರೇಡಿಯೋ ಹೆಗಲ ಮೇಲಿನ ಕೂದಲು ಹಿಂದಕ್ಕೆ ತಳ್ಳಿಕೊಳ್ಳುತ್ತ ಯಾರದೋ ಗಡ್ಡ ಮಾಡುತ್ತಿದ್ದ. ಲೋಕದಲ್ಲಿ ಉಳಿದದ್ದು ಇವನೊಬ್ಬ. ಲೋಕದಲ್ಲಿ ಯಾರಿಗೆ ಹೇಳಬಾರದೋ ಅವನೂ ಇವನೇ.

ಮರುದಿನವೇ ಈ ವಾರದ ರಜೆ. ಬೆಳಗ್ಗೆ ಬೀದಿ ದಾಟಿದ. ರೇಡಿಯೋ ಷಟರ್ ಅರ್ಧ ಎಳೆದು ಕತ್ತರಿಗೆ ಎಣ್ಣೆ ಬಿಡುತ್ತಿದ್ದ. ಇವನನ್ನು ಕಂಡು ಟವೆಲ್ ಕೊಡವಿ ಕುರ್ಚಿಯ ಬೆನ್ನಿಗೆ ಹಾಕಿದ. ಅಷ್ಟೇ ಆಹ್ವಾನ. ಮೆದುಗೈ ಕೂತ.

ಬಲಗಡೆ ಮುಗಿಯುವಷ್ಟರಲ್ಲಿ ರೇಡಿಯೋನ ಮುನಿಸು ಕರಗಿ ಮಾತು ಶುರುವಾಗಿತ್ತು. "ಅಬ್ಬಾ, ಇದೇನು ತಲೆಯೋ, ಇಲಿ ತಿಂದ ಬುಟ್ಟಿಯೋ? ಈ ಮೆಟ್ಟಿಲು ಹತ್ತಿದ್ರೆ ಮಾಳಿಗೆಗೇ ಹೋಗಬಹುದು. ಇಷ್ಟು ದಿನ ಏನು ಸಾಧಿಸಿದೆ, ಹೇಳು ನೋಡೋಣ."

ಮೆದುಗೈ ಹೇಳಿದ. ಕನ್ನಡಿ ನೋಡದೆ, ಮಡಿಲಲ್ಲಿ ಬಿದ್ದಿದ್ದ ತನ್ನ ಕೂದಲು ನೋಡುತ್ತ ಎಲ್ಲ ಹೇಳಿದ. ಕಾಯಿಲೆಯ ಹೆಸರು, ಮಾತ್ರೆ, ಕಾಲು, ಕೆನ್ನೆ, ಹೆಂಡತಿ ಹೋದದ್ದು, ಮಾತ್ರೆ ಬಿಟ್ಟದ್ದು, ಮುಂದಿನ ರಜೆಯ ಮರುದಿನ ಬೆಳಗ್ಗೆ ಜೊತೆಗೊಬ್ಬರು ಬೇಕಾಗಿರುವುದು.

ಕತ್ತರಿಯ ಸದ್ದು ನಿಂತುಹೋಗಿತ್ತು. ಆಮೇಲೆ ರೇಡಿಯೋ ಅಂದ.

"ನನ್ನ ಮಕ್ಕಳ ಕೂದಲು ನೀನೇ ತೆಗೆಯೋದು."

"ಹೌದು."

"ನನ್ನ ಗಡ್ಡ."

"ಹೊಸ ಬ್ಲೇಡು ಹಾಕ್ತಿದ್ದೆ. ನೀನೇ ನೋಡಿದ್ದೀಯಲ್ಲ."

"ನೋಡಿದ್ದೀನಿ," ಅಂದ ರೇಡಿಯೋ. ಕತ್ತರಿ ಮೇಜಿನ ಮೇಲಿಟ್ಟ. ಬಾಚಣಿಗೆ ಅದರ ಪಕ್ಕ ಇಟ್ಟ. "ಇವತ್ತು ಆಗಲ್ಲ ಕಣೋ. ಕೈ ಓಡ್ತಿಲ್ಲ. ಹೋಗು."

ಬಲಗಡೆ ಸೊಗಸಾಗಿ ಕತ್ತರಿಸಿದ ತಲೆ, ಎಡಗಡೆ ಪೊದೆ. ಮೆದುಗೈ ಟವೆಲನ್ನೇ ತಲೆಗೆ ಸುತ್ತಿಕೊಂಡು ಬೀದಿ ದಾಟಿದ. ಒಳಗೆ ಹೋಗಿ ಷಟರ್ ಪೂರ್ತಿ ಎಳೆದುಕೊಂಡು ಅತ್ತ. ನಾಚಿಕೆ ಬಿಟ್ಟು ಅತ್ತ.

ಆ ವಾರವಿಡೀ ತಲೆಗೆ ಟವೆಲ್ ಸುತ್ತಿಕೊಂಡೇ ಕೆಲಸ ಮಾಡಿದ. ಗಿರಾಕಿಗಳು ಕೇಳಿದರೆ ನೆಗಡಿ ಅಂದ. ಉಳಿದ ಅರ್ಧವನ್ನು ತಾನೇ ಕತ್ತರಿಸಿಕೊಳ್ಳಬಹುದಿತ್ತು. ಯಾಕೋ ಕೈ ಬರಲಿಲ್ಲ. ಮಾತ್ರೆ ಮಾತ್ರ ಎರಡು ಹೊತ್ತೂ ನುಂಗಿದ. ಪ್ರತಿದಿನ ಷಟರ್ ಎತ್ತುವಾಗ 'ಇವತ್ತು ಯಾರೂ ಬರುವುದಿಲ್ಲ' ಅಂದುಕೊಳ್ಳುತ್ತಿದ್ದ. ಎದುರಿನ ಬಾಯಿಗೆ ಇಷ್ಟು ದೊಡ್ಡ ಸುದ್ದಿ ಸಿಕ್ಕಿದೆ, ಒಂದು ಮಧ್ಯಾಹ್ನ ಸಾಕಲ್ಲ ಊರು ತುಂಬಲು. ಆದರೆ ಗಿರಾಕಿಗಳು ಬಂದರು. ಎಂದಿನಂತೆ ಬಂದರು, ಎಂದಿನಂತೆ ತೂಕಡಿಸಿದರು. ವಾರದ ಮಧ್ಯದಲ್ಲಿ ಒಬ್ಬ ಹಳೆಯ ಗಿರಾಕಿ ಕುರ್ಚಿಗೆ ಒರಗುತ್ತ, "ಏನಯ್ಯಾ, ಎದುರಿನ ರೇಡಿಯೋ ಕೆಟ್ಟುಹೋಗಿದೆಯಾ? ಇಡೀ ಕಟಿಂಗ್ ಮುಗಿದ್ರೂ ಒಂದು ಮಾತಿಲ್ಲ ಅಂತೆ" ಅಂದ. ಮೆದುಗೈಯ ಕೈ ಒಂದು ಗಳಿಗೆ ನಿಂತಿತು. ರೇಡಿಯೋ ಸುದ್ದಿ ನುಂಗಿಕೊಂಡು ಕೂತಿದ್ದಾನೆ. ಅಷ್ಟು ಗೊತ್ತಾಯಿತು. ಆದರೂ ಬೀದಿಯ ಆ ಬದಿಯಿಂದ ಈ ಬದಿಗೆ ಯಾರೂ ಬರಲಿಲ್ಲ.

ಮತ್ತೆ ರಜೆಯ ದಿನ ಬಂತು. ಮರುದಿನ ಆಸ್ಪತ್ರೆ. ಒಬ್ಬನೇ ಹೋಗುವುದು, ಕೊಟ್ಟರೆ ಕೊಡಲಿ, ಇಲ್ಲದಿದ್ದರೆ ಇಲ್ಲ ಅಂತ ಮೆದುಗೈ ತೀರ್ಮಾನಿಸಿಕೊಂಡು ಷಟರ್ ಅರ್ಧ ಎತ್ತಿ ನೆಲ ಗುಡಿಸುತ್ತಿದ್ದ. ಷಟರಿನ ಕೆಳಗಿನಿಂದ ಬಗ್ಗಿಕೊಂಡು ಮೊದಲು ಉದ್ದ ಕೂದಲು ಬಂತು, ಹಿಂದೆ ರೇಡಿಯೋ ಬಂದ. ನೇರ ಹೋಗಿ ಕುರ್ಚಿಯಲ್ಲಿ ಕೂತ.

"ಕೂದಲೂ ತೆಗಿ, ಗಡ್ಡಾನೂ ಮಾಡು," ಅಂದ.

ಮೆದುಗೈ ಕತ್ತರಿ ತೆಗೆದುಕೊಂಡ. ಇಷ್ಟು ತಿಂಗಳ ಮುನಿಸು ಗೊಂಚಲು ಗೊಂಚಲಾಗಿ ನೆಲಕ್ಕೆ ಬಿತ್ತು. ಕಿವಿ ಕಂಡಿತು, ಕತ್ತು ಕಂಡಿತು. ಆಮೇಲೆ ನೊರೆ ಹಚ್ಚಿದ. ಹೊಸ ಬ್ಲೇಡಿನ ಕಾಗದ ಅವನ ಕಣ್ಣೆದುರೇ ಬಿಚ್ಚಿ ರೇಜರಿಗೆ ಹಾಕಿದ. ಕೆನ್ನೆ ಮುಗಿಯಿತು. ಕುರ್ಚಿಯ ಬೆನ್ನು ಹಿಂದಕ್ಕೆ ಬಾಗಿಸಿದ. ರೇಡಿಯೋ ಗದ್ದ ಎತ್ತಿ ಗಂಟಲು ಕೊಟ್ಟ.

ಗಂಟಲಿನ ಗಂಟು ಮೇಲೆ ಕೆಳಗೆ ಆಡುತ್ತಿತ್ತು. ಕುರ್ಚಿಯ ಕೈ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಅವನಿಗೆ ಹೆದರಿಕೆ. ಚೆನ್ನಾಗಿ ಹೆದರಿಕೆ. ಮೆದುಗೈ ಮೆಲ್ಲಗೆ ರೇಜರ್ ಹಿಂದಕ್ಕೆ ತೆಗೆದ.

"ಬೇಡ ಬಿಡು," ಅಂದ. "ಗಂಟಲು ನೀನೇ ಮಾಡ್ಕೋ."

"ಯಾಕೆ ನಿಲ್ಲಿಸಿದೆ?" ರೇಡಿಯೋ ಕಣ್ಣು ತೆರೆಯಲಿಲ್ಲ. "ಹೆದರಿಕೆ ಆಗ್ತಿದೆ ಅಂತ ನಿನಗೆ ಗೊತ್ತು, ನನಗೂ ಗೊತ್ತು. ಒಂದು ವಾರದಿಂದ ಆಗ್ತಿದೆ. ಕೂತಿದ್ದೀನಲ್ಲ. ಮುಗಿಸು."

ಮೆದುಗೈ ಮುಗಿಸಿದ. ಅವನ ಕಸುಬಿನಲ್ಲೇ ಅಷ್ಟು ಹಗುರವಾಗಿ ಅವನು ಯಾರ ಗಂಟಲ ಮೇಲೂ ರೇಜರ್ ಆಡಿಸಿರಲಿಲ್ಲ. ಒಂದು ಗೀರೂ ಬೀಳಲಿಲ್ಲ. ಒದ್ದೆ ಟವೆಲಿನಿಂದ ಒರೆಸಿ, 'ಆಯ್ತು' ಅಂದ. ರೇಡಿಯೋ ಎದ್ದು ಕನ್ನಡಿಯಲ್ಲಿ ಕತ್ತು ಹೊರಳಿಸಿ ನೋಡಿಕೊಂಡ, ಗಂಟಲು ಸವರಿಕೊಂಡ, ಉಸಿರು ಬಿಟ್ಟ. ಆಮೇಲೆ ಕುರ್ಚಿಯ ಮೇಲಿನ ಕೂದಲನ್ನು ಕೊಡವಿ ಮೆದುಗೈಯ ತಲೆಯಿಂದ ಟವೆಲ್ ಬಿಚ್ಚಿ ತೆಗೆದ.

"ಕೂತ್ಕೋ," ಅಂದ. "ಈ ಅರ್ಧ ತಲೆ ಇಟ್ಕೊಂಡು ನಾಳೆ ನನ್ನ ಜೊತೆ ಆಸ್ಪತ್ರೆಗೆ ಬಂದ್ರೆ, ಮಾಡಿದ್ದು ನಾನೇ ಅಂತ ಎಲ್ಲರೂ ಅಂದ್ಕೊಳ್ತಾರೆ."

ಮೆದುಗೈ ಕೂತ. ಎಡಗಡೆಯ ಕೂದಲಿಗೆ ಕತ್ತರಿ ಬಿತ್ತು. ಎಲ್ಲ ಮುಗಿದ ಮೇಲೆ ರೇಡಿಯೋ ನೊರೆ ಹಚ್ಚಿ, ಗುಳಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತು, "ಕೆನ್ನೆ ಉಬ್ಬಿಸು" ಅಂದ.